ಓದಿಲ್ಲ, ದೂರದರ್ಶಕವೂ ಇಲ್ಲ: ನಕ್ಷತ್ರ ನೋಡಿ ಏನು ಉಪಯೋಗ?

"ಭೌತವಿಜ್ಞಾನ ಓದಿದವನಲ್ಲ, ದೂರದರ್ಶಕವೂ ಇಲ್ಲ. ಆಸಕ್ತಿ ಮಾತ್ರ ಇದೆ. ನನ್ನಂಥವರಿಂದ ಖಗೋಳ ವಿಜ್ಞಾನಕ್ಕೆ ಏನಾದರೂ ಪ್ರಯೋಜನ ಉಂಟೇ?" ಆಕಾಶ ನೋಡಲು ಬರುವ ಹೊಸಬರೆಲ್ಲ ಇದನ್ನು ಕೇಳುತ್ತಾರೆ. ಖಂಡಿತ ಉಂಟು, ಅದೂ ಬರಿಗಣ್ಣಿನಿಂದಲೇ. ಬೆಳಕು ಏರಿಳಿಯುವ ನಕ್ಷತ್ರಗಳ ಲೆಕ್ಕ ನೂರಕ್ಕೂ ಹೆಚ್ಚು ವರ್ಷಗಳಿಂದ ಉಳಿದುಬಂದಿರುವುದೇ ಬಹುಪಾಲು ಹವ್ಯಾಸಿಗಳಿಂದ. ಈಗಿನ ಬಾಂಗ್ಲಾದೇಶದ ಜೆಸ್ಸೋರ್‌ನ ರಾಧಾಗೋಬಿಂದ ಚಂದ್ರ ಶಾಲಾ ಅಂತಿಮ ಪರೀಕ್ಷೆಯನ್ನೂ ಪಾಸು ಮಾಡದ ಖಜಾನೆ ನೌಕರ. ಇಂಥ ನಕ್ಷತ್ರಗಳ ಲೆಕ್ಕ ಇಡುವ ಅಮೆರಿಕದ ವೀಕ್ಷಕರ ಸಂಸ್ಥೆ ಎಎವಿಎಸ್‌ಒಗೆ ಅವರು ಕಳಿಸಿದ ಬೆಳಕಿನ ಅಂದಾಜುಗಳು 37,000ಕ್ಕೂ ಹೆಚ್ಚು. ಮೆಚ್ಚಿದ ಸಂಸ್ಥೆ ಅವರಿಗೊಂದು 6 ಅಂಗುಲದ ದೂರದರ್ಶಕವನ್ನೇ ಕಳಿಸಿಕೊಟ್ಟಿತು.

ನೀವು ಆರ್ದ್ರಾದಿಂದ, ಅಂದರೆ ಬೀಟಲ್‌ಜ್ಯೂಸ್‌ನಿಂದ ಶುರುಮಾಡಿ. ದೊಡ್ಡ ದೂರದರ್ಶಕಗಳ ಕ್ಯಾಮೆರಾಗಳಿಗೆ ಅದರ ಪ್ರಕಾಶ ಅತಿಯಾಯಿತು. ಕಣ್ಣಿಗೆ ಹೇಳಿ ಮಾಡಿಸಿದಂತಿದೆ. ಫೆಬ್ರುವರಿಯ ರಾತ್ರಿ ಒಂಬತ್ತಕ್ಕೆ ಅದು ನಮ್ಮಲ್ಲಿ ನೆತ್ತಿಯ ಸಮೀಪ ಇರುತ್ತದೆ. ಹತ್ತಿರದಲ್ಲೇ ಹೋಲಿಕೆಗೆ ಎರಡು ನಕ್ಷತ್ರಗಳಿವೆ: ಪ್ರೊಸಿಯಾನ್, ಕಾಂತಿಮಾನ 0.4, ರೋಹಿಣಿ, ಸುಮಾರು 0.9. ಕಾಂತಿಮಾನ ಅಂದರೆ ನಕ್ಷತ್ರ ಎಷ್ಟು ಬೆಳಗಿ ಕಾಣುತ್ತದೆ ಎಂದು ಹೇಳುವ ಅಂಕಿ; ಅದು ಕಡಿಮೆಯಾದಷ್ಟೂ ಬೆಳಕು ಹೆಚ್ಚು. ಇವೆರಡರ ನಡುವಿನ ಅಂತರವನ್ನು ಮನಸ್ಸಿನಲ್ಲೇ ಐದು ಪಾಲು ಮಾಡಿ. ಆರ್ದ್ರಾ ಪ್ರೊಸಿಯಾನ್‌ಗಿಂತ ಎರಡು ಪಾಲು ಮಂಕಾಗಿ ಕಂಡರೆ 0.6. ದಿನಾಂಕ, ಗಂಟೆ-ನಿಮಿಷ, ಹೋಲಿಸಿದ ನಕ್ಷತ್ರಗಳು, ಬೆಳದಿಂಗಳೋ ಮೋಡವೋ, ಎಲ್ಲ ಅಲ್ಲೇ ಬರೆದುಕೊಳ್ಳಿ. ಹತ್ತು ದಿನಕ್ಕೊಮ್ಮೆ ನೋಡಿದರೆ ಸಾಕು, ಅದು ಬದಲಾಗುವುದು ನಿಧಾನವಾಗಿ. ಎಎವಿಎಸ್‌ಒ ಜಾಲತಾಣದಲ್ಲಿ ಖಾತೆ ತೆರೆದು ಅಂದಾಜುಗಳನ್ನು ಕಳಿಸಲು ದುಡ್ಡು ಕೊಡಬೇಕಿಲ್ಲ.

ಎಡವುವುದು ಎಲ್ಲಿ? ಆರ್ದ್ರಾ ಕೆಂಪು. ಕೆಂಪು ನಕ್ಷತ್ರವನ್ನು ದಿಟ್ಟಿಸುತ್ತ ನಿಂತರೆ ಅದು ಇರುವುದಕ್ಕಿಂತ ಪ್ರಖರವಾಗಿ ಕಾಣತೊಡಗುತ್ತದೆ. ಕಣ್ಣು ಕತ್ತಲೆಗೆ ಹೊಂದಲು ಕಾಲು ಗಂಟೆ ಬಿಟ್ಟು, ಚುಟುಕಾಗಿ ಒಂದರಿಂದ ಇನ್ನೊಂದಕ್ಕೆ ನೋಟ ಹಾಯಿಸಿ. ಮೂರೂ ನಕ್ಷತ್ರಗಳು ದಿಗಂತದಿಂದ ಸಾಕಷ್ಟು ಮೇಲಿರಲಿ. ಕೆಳಗಿರುವುದರ ಬೆಳಕನ್ನು ವಾತಾವರಣ ಕುಂದಿಸುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಉತ್ತರ ಮೊದಲೇ ಗೊತ್ತಿರುವುದು. "ಇದು 0.5 ಇರಬೇಕು" ಎಂದು ತಿಳಿದು ನೋಡುವವರಿಗೆ 0.5 ಕಂಡೇ ಕಾಣುತ್ತದೆ. ಏನೂ ಗೊತ್ತಿಲ್ಲದ ಹೊಸಬರು ಕಂಡದ್ದನ್ನು ಕಂಡಂತೆ ಬರೆಯುತ್ತಾರೆ, ನಮಗೆ ಬೇಕಿರುವುದೂ ಅದೇ. ಅವರ ಅಂಕಿ 0.2ರಷ್ಟು ಅತ್ತಿತ್ತ ಆದರೂ ಚಿಂತೆಯಿಲ್ಲ, ನೂರಾರು ಜನರ ಸರಾಸರಿಯಲ್ಲಿ ಅದು ಸರಿಹೋಗುತ್ತದೆ. ಹಳೆಯ ಅಂದಾಜನ್ನು ತೆಗೆದು ನೋಡದೇ ಹೊರಗೆ ಹೋಗಿ. 2020ರ ಫೆಬ್ರುವರಿಯಲ್ಲಿ ಇದೇ ನಕ್ಷತ್ರ ಸುಮಾರು 1.6ಕ್ಕೆ ಇಳಿದು, ಪಕ್ಕದ ಬೆಲ್ಲಾಟ್ರಿಕ್ಸ್‌ನಷ್ಟೇ ಮಂಕಾಗಿತ್ತು. ಅಂಥದ್ದು ಮತ್ತೆ ಆದರೆ, ಕಂಡದ್ದನ್ನು ನಂಬುವವರ ದಾಖಲೆಯೇ ಕೆಲಸಕ್ಕೆ ಬರುವುದು.

ಆರಿದ್ರಾ ಮಳೆಯ ದಿನಗಳಲ್ಲಿ ಸೂರ್ಯನೇ ಆ ದಿಕ್ಕಿನಲ್ಲಿರುವುದರಿಂದ ನಕ್ಷತ್ರ ಕಾಣದು, ದಾಖಲೆಯೂ ಖಾಲಿ. ಆಗಸ್ಟ್‌ನಲ್ಲಿ ಬೆಳಗಿನ ಜಾವ ಪೂರ್ವದಲ್ಲಿ ಅದು ಮತ್ತೆ ಕಂಡಾಗ, ಮೋಡ ಸರಿದ ಮೊದಲ ದಿನವೇ ಒಂದು ಅಂದಾಜು ಕಳಿಸಿ.