ಮಗ ಫುಟ್‌ಬಾಲ್ ಕೋಚ್ ಆಗ್ತೀನಿ ಅಂದರೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಮಗ ಕಾಲೇಜ್ ಫುಟ್‌ಬಾಲ್ ಕೋಚ್ ಆಗ್ತೀನಿ ಅಂತಿದ್ದಾನೆ. ಅದೂ ಒಂದು ಕೆಲಸಾನಾ? ಎಲ್ಲಿಂದ ಶುರು ಮಾಡೋದು?" ಇಲ್ಲಿ ಅಮೆರಿಕದಲ್ಲಿ, ಕನ್ನಡ ಕೂಟದ ಊಟದ ಸಾಲಿನಲ್ಲಿ ಯಾರಾದರೂ ಒಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ನನಗೆ ಈ ಆಟದ ಹುಚ್ಚು ಅಂತ ಎಲ್ಲರಿಗೂ ಗೊತ್ತು. (ನಮ್ಮೂರ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಆಡೋದು.)

ಕೆಲಸ ಹೌದು. ಆದರೆ ಆಟ ಗೊತ್ತಿದ್ದರೆ ಸಾಲದು. ಯಾರ ಕೈಕೆಳಗೆ ಸೇರ್ತಾನೆ ಅನ್ನೋದೇ ಮುಖ್ಯ.

ಶುರುವಾಗೋದು ಸಾಮಾನ್ಯವಾಗಿ ಗ್ರಾಜುಯೇಟ್ ಅಸಿಸ್ಟೆಂಟ್ ಆಗಿ. ಎಲ್ಲರ ಬಾಯಲ್ಲೂ ಅದು 'ಜಿಎ'. ಮಾಸ್ಟರ್ಸ್ ಓದುತ್ತಾ ಕೋಚ್‌ಗಳ ಜೊತೆ ದುಡಿಯಬೇಕು. ಫೀಸು ಯೂನಿವರ್ಸಿಟಿ ನೋಡಿಕೊಳ್ಳುತ್ತದೆ, ಕೈಗೆ ಸಿಗೋದು ಸಣ್ಣ ಸ್ಟೈಪೆಂಡ್. ಮುಂದಿನ ವಾರದ ಎದುರಾಳಿಯ ಹಳೇ ಪಂದ್ಯಗಳ ವಿಡಿಯೋ ಹಾಕಿಕೊಂಡು ಒಂದೊಂದೇ ಪ್ಲೇ (ಒಂದು ಸಲದ ಆಟ) ಬಿಡಿಸಿ ಬರೆದಿಡಬೇಕು: ಎಷ್ಟನೇ ಡೌನ್ (ಪ್ರಯತ್ನ), ಇನ್ನೆಷ್ಟು ಯಾರ್ಡ್ ಬೇಕಿತ್ತು, ಯಾರು ಎಲ್ಲಿ ನಿಂತಿದ್ದರು. ಆಮೇಲೆ ಅದನ್ನೇ ದೊಡ್ಡ ಕಾರ್ಡ್‌ಗಳ ಮೇಲೆ ಸೊನ್ನೆ, ಗೆರೆ, ಬಾಣ ಹಾಕಿ ಬಿಡಿಸಬೇಕು. ಪ್ರಾಕ್ಟೀಸ್‌ನಲ್ಲಿ ಎದುರಾಳಿಯ ಥರ ಆಡಿ ತೋರಿಸುವ ಹುಡುಗರ ಗುಂಪೊಂದಿರುತ್ತದೆ, ಸ್ಕೌಟ್ ಟೀಮ್ ಅಂತ. ಜಿಎ ಕಾರ್ಡ್ ಎತ್ತಿ ಹಿಡಿಯುತ್ತಾನೆ, ಅವರು ನೋಡಿಕೊಂಡು ಹಾಗೇ ಓಡುತ್ತಾರೆ. ಬಾಣ ತಪ್ಪಾದರೆ ಎಲ್ಲರೆದುರೇ ಬೈಸಿಕೊಳ್ಳಬೇಕು.

ಏಳು ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದ ಕೋಚ್ ನಿಕ್ ಸೇಬನ್ ಕೂಡ 1973ರಲ್ಲಿ ಕೆಂಟ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಜಿಎ ಆಗಿದ್ದವರೇ. ಕೋಚ್ ಆಗುವ ಆಸೆಯೇ ಇರಲಿಲ್ಲವಂತೆ. ಹೆಂಡತಿಯ ಓದು ಇನ್ನೊಂದು ವರ್ಷ ಬಾಕಿ ಇತ್ತು, ಉಳಿದುಕೊಂಡರು. ಆಮೇಲೆ ಸಿರಾಕ್ಯೂಸ್, ವೆಸ್ಟ್ ವರ್ಜೀನಿಯಾ, ಒಹಾಯೋ ಸ್ಟೇಟ್, ನೇವಿ, ಮಿಷಿಗನ್ ಸ್ಟೇಟ್, ಹ್ಯೂಸ್ಟನ್ ಸುತ್ತಿ, 1990ರಲ್ಲಿ ಟೊಲಿಡೊದಲ್ಲಿ ಮೊದಲ ಸಲ ಹೆಡ್ ಕೋಚ್ ಆದರು. ಬ್ಯಾಂಕಿನವರ ವರ್ಗಾವಣೆ ಇದ್ದ ಹಾಗೆ. ಆದರೆ ಬ್ಯಾಂಕಿನವರಿಗೆ ಮುಂದಿನ ಊರಲ್ಲಿ ಕೆಲಸ ಇರೋದಂತೂ ಖಾತ್ರಿ, ಅಲ್ವಾ?

ಡ್ಯಾನ್ ಲ್ಯಾನಿಂಗ್ ಕಥೆ ನನಗೆ ಇನ್ನೂ ಇಷ್ಟ. ಮಿಸೌರಿಯ ಹೈಸ್ಕೂಲ್ ಮೇಷ್ಟ್ರು. 2011ರಲ್ಲಿ ರಾತ್ರಿಯೆಲ್ಲ ಕಾರು ಓಡಿಸಿಕೊಂಡು ಪಿಟ್ಸ್‌ಬರ್ಗ್‌ಗೆ ಹೋಗಿ ಕೆಲಸ ಕೇಳಿದರು, ಸಿಕ್ಕಿತು. ಮುಂದೆ ಬೇರೆ ಕಡೆ ಪೂರ್ತಿ ಕೋಚ್ ಆದಮೇಲೂ, 2015ರಲ್ಲಿ ಅದನ್ನು ಬಿಟ್ಟು ಅಲಬಾಮಾದಲ್ಲಿ ಸೇಬನ್ ಹತ್ತಿರ ಮತ್ತೆ ಜಿಎ ಆಗಿ ಸೇರಿದರು! ಹೆಂಡತಿ ಮಕ್ಕಳಿದ್ದವರು ಹೀಗೆ ಕೆಳಗಿಳಿಯೋದು ಸುಮ್ನೆ ಮಾತಲ್ಲ. ಆಗ ಅಲ್ಲಿ ಡಿಫೆನ್ಸ್ (ಎದುರಾಳಿಯನ್ನು ತಡೆಯುವ ಆಟ) ನೋಡಿಕೊಳ್ಳುತ್ತಿದ್ದವರು ಕರ್ಬಿ ಸ್ಮಾರ್ಟ್. ಸ್ಮಾರ್ಟ್ ಜಾರ್ಜಿಯಾಗೆ ಹೆಡ್ ಕೋಚ್ ಆಗಿ ಹೋದರು, 2018ರಲ್ಲಿ ಲ್ಯಾನಿಂಗ್ ಅವರನ್ನು ಕರೆಸಿಕೊಂಡರು. 2021ರ ಡಿಸೆಂಬರ್‌ನಲ್ಲಿ ಲ್ಯಾನಿಂಗ್‌ಗೆ ಓರೆಗನ್ ಯೂನಿವರ್ಸಿಟಿಯ ಹೆಡ್ ಕೋಚ್ ಕೆಲಸ ಸಿಕ್ಕಿತು.

ಜಿಎ ಆದಮೇಲೆ ಪೊಸಿಷನ್ ಕೋಚ್, ಅಂದರೆ ಕ್ವಾರ್ಟರ್‌ಬ್ಯಾಕ್ ಅಥವಾ ಲೈನ್‌ಬ್ಯಾಕರ್ ಥರ ಒಂದು ಜಾಗದ ಹುಡುಗರನ್ನು ತಯಾರು ಮಾಡುವವನು. ಅದಾದಮೇಲೆ ಕೋಆರ್ಡಿನೇಟರ್, ಅಂದರೆ ತಂಡದ ಇಡೀ ಡಿಫೆನ್ಸ್ ಅಥವಾ ಇಡೀ ಅಟ್ಯಾಕ್ ನೋಡಿಕೊಳ್ಳುವವನು. ಪೊಸಿಷನ್ ಕೋಚ್‌ನ ಬೆಲೆ ನಿಂತಿರೋದು ಜಾಸ್ತಿ ರಿಕ್ರೂಟಿಂಗ್ ಮೇಲೆ, ಅಂದರೆ ಒಳ್ಳೇ ಆಟಗಾರರನ್ನು ತನ್ನ ಕಾಲೇಜಿಗೆ ಸೇರಿಸಿಕೊಳ್ಳೋದರ ಮೇಲೆ. ಹೈಸ್ಕೂಲ್ ಹುಡುಗರ ಮನೆಗೆ ಹೋಗಿ, ಸೋಫಾದಲ್ಲಿ ಕೂತು, ಅಮ್ಮ ಅಜ್ಜಿಯರನ್ನೂ ಒಪ್ಪಿಸಬೇಕು. ಮಾತು ಬಾರದವನಿಗೆ ಇಲ್ಲಿ ಕಷ್ಟ.

ದುಡ್ಡು? ಮೇಲೆ ಹೋದರೆ ವಿಪರೀತ. 2018ರಲ್ಲಿ ಲೂಸಿಯಾನಾದ ಎಲ್‌ಎಸ್‌ಯು ತನ್ನ ಡಿಫೆನ್ಸಿವ್ ಕೋಆರ್ಡಿನೇಟರ್ ಡೇವ್ ಅರಾಂಡಾಗೆ ವರ್ಷಕ್ಕೆ 25 ಲಕ್ಷ ಡಾಲರ್ ಕೊಟ್ಟಿತು. ಅವರು ಆಗ ಅಸಿಸ್ಟೆಂಟೇ, ನೆನಪಿರಲಿ. ಆದರೆ ಹೆಡ್ ಕೋಚ್‌ನ ತೆಗೆದುಹಾಕಿದರೆ ಅವನ ಕೆಳಗಿದ್ದವರಿಗೂ ಸಾಮಾನ್ಯವಾಗಿ ಅದೇ ಗತಿ. 2000ದಲ್ಲಿ ಅಲಬಾಮಾದಲ್ಲಿ ಹಾಗೆ ಕೆಲಸ ಹೋದವರಲ್ಲಿ ಡಾಬೊ ಸ್ವಿನ್ನಿ ಒಬ್ಬರು. ಎರಡು ವರ್ಷ ರಿಯಲ್ ಎಸ್ಟೇಟ್ ಮಾಡಿದರು. 2003ರಲ್ಲಿ ಕ್ಲೆಮ್ಸನ್ ಯೂನಿವರ್ಸಿಟಿ ಕರೆಯಿತು. 2008ರಲ್ಲಿ ಅಲ್ಲೇ ಹೆಡ್ ಕೋಚ್ ಆದರು, ಎರಡು ಚಾಂಪಿಯನ್‌ಶಿಪ್ ಗೆದ್ದರು.

ಎಲ್ಲರೂ ಅಲೆಯಲೇಬೇಕು ಅಂತೇನಿಲ್ಲ. ಬಡ್ ಫಾಸ್ಟರ್ 1987ರಿಂದ 2019ರವರೆಗೆ ವರ್ಜೀನಿಯಾ ಟೆಕ್ ಬಿಟ್ಟು ಕದಲಲಿಲ್ಲ. ಅಸಿಸ್ಟೆಂಟ್ ಆಗಿಯೇ ನಿವೃತ್ತರಾದರು. ಆದರೆ ಆಡುವ ದಿನಗಳಿಂದಲೂ ಅವರನ್ನು ಬಲ್ಲ ಫ್ರಾಂಕ್ ಬೀಮರ್ ಅಲ್ಲಿ 2015ರವರೆಗೂ ಹೆಡ್ ಕೋಚ್ ಆಗಿದ್ದರು. ಅಂಥ ಯೋಗ ಎಷ್ಟು ಜನಕ್ಕೆ!

ಹಾಗಾಗಿ ಹುಡುಗ ಈಗ ಕಾಲೇಜಿನಲ್ಲಿದ್ದರೆ, ನಾಳೆಯೇ ಫುಟ್‌ಬಾಲ್ ಆಫೀಸಿಗೆ ಹೋಗಿ ಸ್ಟೂಡೆಂಟ್ ಮ್ಯಾನೇಜರ್ ಕೆಲಸ ಕೇಳಲಿ. ಬಾಲ್ ಹೊರೋದಾದರೂ ಸರಿ. ಜನವರಿಯಲ್ಲಿ ಕೋಚ್‌ಗಳ ಸಂಘದ ದೊಡ್ಡ ಸಮ್ಮೇಳನ ನಡೆಯುತ್ತದೆ. ಹೋಟೆಲ್ ಲಾಬಿಯಲ್ಲಿ ಕೆಲಸ ಹುಡುಕುವ ಹುಡುಗರು ತುಂಬಿರುತ್ತಾರೆ. ಅಲ್ಲಿಗೂ ಹೋಗಲಿ. ಹೋಗುವ ಮೊದಲು ಯಾವ ಕೋಚ್ ಯಾರ ಹತ್ತಿರ ಕಲಿತವನು ಅಂತ ತಿಳಿದುಕೊಂಡಿರಲಿ.