ಸೀತಾನದಿಯ ಕಣಿವೆಯಲ್ಲಿ ಅರ್ಧ ದಿನ

ಉಡುಪಿಯವರಾದ ನಮಗೆ ಸೀತಾನದಿಯೆಂದರೆ ಕೋಡಿಬೆಂಗ್ರೆಯ ಅಳಿವೆಯಲ್ಲಿ ಸುವರ್ಣೆಯ ಜೊತೆಗೂಡಿ ಕಡಲು ಸೇರುವ, ಎರಡೂ ದಂಡೆಗಳಲ್ಲಿ ತೆಂಗಿನ ತೋಟಗಳಿರುವ ಅಗಲವಾದ ಹೊಳೆ. ಅದೇ ನದಿ ಹೆಬ್ರಿಯಿಂದ ಮೇಲೆ, ಸೋಮೇಶ್ವರ ಅಭಯಾರಣ್ಯದೊಳಗೆ, ಇಕ್ಕಟ್ಟಾದ ಕಣಿವೆಯಲ್ಲಿ ಬಂಡೆಗಳ ಸಂದಿಯಿಂದ ನುಗ್ಗಿ ಬರುವುದನ್ನು ನೋಡಲು ಹೋಗುವವರಲ್ಲಿ ಹೆಚ್ಚಿನವರು ಕೂಡ್ಲು ತೀರ್ಥದ ಜಲಪಾತಕ್ಕೆ ಬಿರಬಿರನೆ ಇಳಿದು, ಮಿಂದು, ಫೋಟೊ ತೆಗೆದುಕೊಂಡು ಮರಳುತ್ತಾರೆ. ಕಳೆದ ಡಿಸೆಂಬರಿನ ಒಂದು ಬೆಳಗ್ಗೆ ನಾವು ಕೆಲವರು ಅರ್ಧ ದಿನವನ್ನು ಆ ದಾರಿಗೇ ಮೀಸಲಿಟ್ಟು ನಡೆದೆವು. ಅಲ್ಲಿ ನೋಡಬೇಕಾದುದು ಜಲಪಾತಕ್ಕಿಂತಲೂ ಮೊದಲು ಅದನ್ನು ಬತ್ತದಂತೆ ಕಾಯುವ ಕಾಡು ಎಂಬ ನನ್ನ ನಂಬಿಕೆ ಆ ದಿನ ಗಟ್ಟಿಯಾಯಿತು.

ಅರಬ್ಬೀ ಸಮುದ್ರದಿಂದ ಬೀಸುವ ಮುಂಗಾರಿನ ಗಾಳಿ ಕರಾವಳಿಯ ಕಿರಿದಾದ ಬಯಲನ್ನು ದಾಟಿ ಘಟ್ಟಕ್ಕೆ ಬಡಿದು, ಮೇಲೇರುತ್ತಾ ತಂಪಾಗಿ, ಹೊತ್ತು ತಂದ ನೀರನ್ನೆಲ್ಲ ಅಲ್ಲಿಯೇ ಇಳಿಸುತ್ತದೆ. ಈ ಕಣಿವೆಯ ನೆತ್ತಿಯ ಕಡೆಗಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗಿಂತ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಬೋಳು ಗುಡ್ಡವಾಗಿದ್ದರೆ ಅಷ್ಟೂ ನೀರು ಮಣ್ಣನ್ನೂ ಕೊಚ್ಚಿಕೊಂಡು ಕಡಲಿಗೆ ಓಡುತ್ತಿತ್ತು. ಇಲ್ಲಿ ಹಾಗಾಗುವುದಿಲ್ಲ. ದಾರಿಯ ಬದಿಯಲ್ಲಿ ಕುಳಿತು ತರಗೆಲೆಯ ಹಾಸನ್ನು ಬೆರಳಿನಿಂದ ಸರಿಸಿದಾಗ ಮೇಲಿನ ಎಲೆಗಳು ಒಣಗಿ ಗರಿಗರಿಯಾಗಿದ್ದವು, ಅವುಗಳ ಕೆಳಗಿನವು ನರಗಳಷ್ಟೇ ಉಳಿದು ಜಾಲರಿಯಂತಾಗಿದ್ದವು, ಅದಕ್ಕೂ ಕೆಳಗೆ ಬಿಳಿಯ ಶಿಲೀಂಧ್ರದ ಎಳೆಗಳೂ ಕೂದಲಿನಷ್ಟು ಸಣ್ಣ ಬೇರುಗಳೂ ಹೆಣೆದುಕೊಂಡ ಕರಿಮಣ್ಣು ಇನ್ನೂ ತೇವವಾಗಿಯೇ ಇತ್ತು. ಮಳೆ ನಿಂತು ಎಷ್ಟೋ ವಾರಗಳಾದ ಮೇಲೂ ಬಂಡೆಯ ಬಿರುಕುಗಳಿಂದ ಜಿನುಗಿ ಹೊಳೆ ಸೇರುತ್ತಿದ್ದ ನೀರು ಇಂಥ ಮಣ್ಣಿನ ಮೂಲಕವೇ ಇಳಿದು ಬಂದದ್ದು.

ಸೋಮೇಶ್ವರವನ್ನು ಅಭಯಾರಣ್ಯವೆಂದು ಘೋಷಿಸಿದ್ದು 1974ರಲ್ಲಿ. 2011ರಲ್ಲಿ ಅದರ ವಿಸ್ತಾರವನ್ನು 314 ಚದರ ಕಿ.ಮೀ.ಗೆ ಹೆಚ್ಚಿಸಲಾಯಿತು. ಕಾಡಾದರೋ ಈ ಗಡಿಗಳಿಗಿಂತ ಬಹಳ ಹಳೆಯದು. ಆನಿಕೆ ಬೇರುಗಳನ್ನು ಗೋಡೆಯಂತೆ ಚಾಚಿ ನಿಂತ ಮರಗಳ ಬುಡದಲ್ಲಿ ನಮ್ಮಲ್ಲಿ ಮೂವರು ನಿಂತರೂ ಆಚೆಯವರಿಗೆ ಕಾಣಿಸುತ್ತಿರಲಿಲ್ಲ. ಧೂಪದ ಮರದ ಬಗ್ಗೆ ನನಗೆ ವಿಶೇಷ ಅಕ್ಕರೆಯಿದೆ. ಅದರ ಚಿಗುರು ಕೆಂಪು. ತೊಗಟೆಯಿಂದ ಒಸರುವ ರಾಳವೇ ಧೂಪ. ಕಾಯಿ ಬಲಿತು ಉದುರುವುದು ಮಳೆಗಾಲದ ಹೊಸ್ತಿಲಲ್ಲಿ, ಮತ್ತು ಆ ಬೀಜ ಒಣಗಿದರೆ ಸಾಯುತ್ತದೆ; ರಾಗಿ, ಭತ್ತದಂತೆ ಅದನ್ನು ಕೂಡಿಟ್ಟು ಮುಂದಿನ ವರ್ಷ ಬಿತ್ತಲು ಬರುವುದಿಲ್ಲ. ಬಿದ್ದ ತಕ್ಷಣ ನೆರಳಿರುವ ಒದ್ದೆ ನೆಲ ಸಿಗಬೇಕು. ಇಂಥ ಕಾಡನ್ನು ಕಡಿದು ಬೇರೆಡೆ ಸಸಿ ನೆಟ್ಟರೆ ಸರಿಹೋಗುತ್ತದೆ ಎನ್ನುವವರ ಮಾತನ್ನು ನಾನು ಒಪ್ಪದಿರುವುದಕ್ಕೆ ಈ ಒಂದು ಬೀಜವೇ ಸಾಕು.

ರಾಮಪತ್ರೆಯ ಮರಗಳನ್ನು ನಮಗೆ ತೋರಿಸಿದವರು ಜೊತೆಗೆ ಬಂದಿದ್ದ ಸ್ಥಳೀಯರು. ಒಡೆದ ಕಾಯಿಯೊಳಗೆ ಬೀಜವನ್ನು ಸುತ್ತಿಕೊಂಡಿರುವ ಕೆಂಪು ಪತ್ರೆಗಾಗಿ ಮಂಗಟ್ಟೆ ಹಕ್ಕಿಗಳು ಬರುತ್ತವೆ, ಬೀಜವನ್ನು ದೂರಕ್ಕೆ ಒಯ್ದು ಉದುರಿಸುತ್ತವೆ. ನಮಗೆ ಮಂಗಟ್ಟೆಯ ರೆಕ್ಕೆಯ ಸದ್ದು ಮಾತ್ರ ಕೇಳಿಸಿತು, ಸಿಂಗಳೀಕ ಕಾಣಿಸಲಿಲ್ಲ. ಇಂಬಳದ ಕಾಟ ಆ ತಿಂಗಳಲ್ಲಿ ಅಷ್ಟಾಗಿ ಇರಲಿಲ್ಲ.

ಹೊಳೆಯ ಹತ್ತಿರ ಬಂದಂತೆ ಬಂಡೆಗಳಲ್ಲಿ ದುಂಡನೆಯ ಗುಳಿಗಳು ಕಂಡವು. ಒಂದರೊಳಗೆ ಕೈಯಿಟ್ಟು ನೋಡಿದೆ: ಒಳಗೋಡೆ ಒರಳಿನಷ್ಟು ನುಣುಪಾಗಿತ್ತು, ತಳದಲ್ಲಿ ನಾಲ್ಕಾರು ಬೆಣಚುಕಲ್ಲುಗಳಿದ್ದವು. ಪ್ರತಿ ಮಳೆಗಾಲದಲ್ಲಿಯೂ ಸುಳಿನೀರು ಇಂಥ ಕಲ್ಲುಗಳನ್ನು ಗರಗರನೆ ತಿರುಗಿಸಿ ಬಂಡೆಯನ್ನು ಕೊರೆಯುತ್ತದೆ. ಆಮೇಲೆ ಜಲಪಾತವನ್ನೂ ನೋಡಿದೆವು. ಎತ್ತರದಿಂದ ಮಡುವಿಗೆ ಬೀಳುವ ಆ ನೀರು ನಿಜವಾಗಿಯೂ ಸುಂದರ, ಆದರೆ ಅಲ್ಲಿ ಸಾಬೂನಿನ ನೊರೆಯನ್ನೂ ಶಾಂಪೂ ಪೊಟ್ಟಣಗಳನ್ನೂ ಕಂಡು ಸಂಕಟವಾಯಿತು. ತೀರ್ಥವೆಂದು ಕೈಮುಗಿದ ನೀರಿಗೇ ಅದನ್ನು ಬೆರೆಸುವುದನ್ನು ನಾವು ಇಂದೇ ನಿಲ್ಲಿಸಬೇಕು.

ಹೋಗುವವರು ನವೆಂಬರ್‌ನಿಂದ ಫೆಬ್ರವರಿಯ ಒಳಗೆ, ಅರಣ್ಯ ಇಲಾಖೆಯ ಅನುಮತಿ ಪಡೆದು, ದಾರಿ ಬಲ್ಲವರೊಂದಿಗೆ ಬೆಳಗ್ಗೆಯೇ ಹೊರಡುವುದು ಒಳ್ಳೆಯದು. ಮಳೆಗಾಲದಲ್ಲಿ ಈ ಕಣಿವೆಗೆ ಇಳಿಯಲೇಬಾರದು. ಕೆಳಗೆ ಬಿಸಿಲಿದ್ದರೂ ಮೇಲೆ ಘಟ್ಟದಲ್ಲಿ ಮಳೆ ಹೊಯ್ದರೆ ನೀರು ಹಠಾತ್ತನೆ ಏರುತ್ತದೆ. ಬೇರೆ ತಿಂಗಳುಗಳಲ್ಲಿಯೂ ಅಕಾಲಿಕ ಮಳೆ ಬರುವುದುಂಟಾದ್ದರಿಂದ, ತಿಳಿಯಾಗಿದ್ದ ನೀರು ಕದಡಿ ಅದರಲ್ಲಿ ಕಸಕಡ್ಡಿ, ತರಗೆಲೆಗಳು ತೇಲಿಬರತೊಡಗಿದರೆ, ಬಂಡೆಯ ಮೇಲಿಟ್ಟ ಚೀಲಕ್ಕಾಗಿಯೂ ನಿಲ್ಲದೆ ದಡ ಹತ್ತಿಬಿಡಬೇಕು.