ಗಾವಾನನ ಮುದ್ರೆ ಕದಿಯಲು ಹೊರಟ ಭಾನುವಾರ

ಅಕ್ಕನ ಮಗಳು ಪಿಯುಸಿ ಓದುತ್ತಾಳೆ. ರಜೆಯಲ್ಲಿ ಕಾದಂಬರಿ ಬರೆಯಲು ಕೂತಿದ್ದಾಳೆ. ಹಳೇ ಬೀದರ್‌ನಲ್ಲಿ ನಡೆಯುವ ಕಳ್ಳತನದ ಕಥೆ. ಕಳ್ಳರು ನಾಲ್ವರು, ಎಲ್ಲರೂ ಅವಳದೇ ವಯಸ್ಸು: ಆಫ್ರಿಕಾ ಮೂಲದ ಹಬ್ಶಿ ಹುಡುಗ, ಇರಾನಿನ ಗೀಲಾನ್‌ನಿಂದ ಬಂದ ವ್ಯಾಪಾರಿಯ ಮಗಳು, ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದ್ರಿ ಕೆಲಸದವರ ಮಗ, ನೆಲದಡಿ ನೀರು ಹರಿಸುವ ಸುರಂಗ ಬಾವಿ ತೋಡುವವರ ಮಗಳು. ಜೊತೆಗೆ ಬೆಳದಿಂಗಳಲ್ಲಿ ಜೀವ ಬರುವ ಒಂದು ಬಿದ್ರಿ ಹಕ್ಕಿ.

"ಮಾಮಾ, ಜಾಗ ನೋಡ್ಬೇಕು, ನಡೀರಿ" ಅಂತ ಹೋದ ಭಾನುವಾರ ನನ್ನನ್ನು ಗಾವಾನನ ಮದರಸಾಕ್ಕೆ ಎಳೆದುಕೊಂಡು ಹೋದಳು.

1472ರ ಕಟ್ಟಡ ಅದು. ಎರಡು ಮಿನಾರುಗಳಲ್ಲಿ ಈಗ ಒಂದೇ ಉಳಿದಿದೆ. ಅದರ ನೆರಳಲ್ಲಿ ಕೂತು ಗಾವಾನನ ಕಥೆ ಹೇಳಿದೆ. ಬಹಮನಿ ರಾಜ್ಯದ ವಜೀರ ಅವನು, ಅವನೂ ಗೀಲಾನಿನವನೇ. ಆಗದವರು ಅವನ ಮುದ್ರೆ ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಒರಿಸ್ಸಾದ ರಾಜನಿಗೆ 'ದಂಡೆತ್ತಿ ಬಾ' ಅಂತ ಗಾವಾನನೇ ಬರೆದ ಹಾಗೆ ಬರೆದರು. 'ಮುದ್ರೆ ನನ್ನದೇ, ಪತ್ರ ನನ್ನದಲ್ಲ' ಅಂದನಂತೆ. ಸುಲ್ತಾನ ಕೇಳಲಿಲ್ಲ. 1481ರಲ್ಲಿ ತಲೆ ಹೋಯಿತು. ಎಷ್ಟು ಸಲ ಹೇಳಿದರೂ ಇಲ್ಲಿಗೆ ಬಂದಾಗ ನನಗೆ ಗಂಟಲು ಕಟ್ಟುತ್ತದೆ.

"ಆ ಪತ್ರಾನೇ ಕದ್ದುಬಿಟ್ರ? ಸುರಂಗ ಬಾವಿಯೊಳಗಿಂದ ಕೋಟೆಗೆ ನುಗ್ಗತಾರ!"

ಆದರೆ ಸುಲ್ತಾನ ಆಗ ಬೀದರ್‌ನಲ್ಲಿ ಇರಲೇ ಇಲ್ಲವಲ್ಲ. ದೂರದ ಕೊಂಡಪಲ್ಲಿಯಲ್ಲಿ ಬೀಡು ಬಿಟ್ಟಿದ್ದ. ಹೇಳಿದ ಕೂಡಲೇ ಹುಡುಗಿಯ ಮುಖ ಸಪ್ಪಗಾಯಿತು. ನೋಟ್‌ಬುಕ್ಕಿನ ಆರು ಪುಟಕ್ಕೆ ಅಡ್ಡಗೆರೆ ಎಳೆದಳು. ಸುಮ್ನೆ ಇರಬೇಕಿತ್ತು ಅನಿಸಿತು.

ಹಳೇ ಊರಿನ ಚೌಬಾರಾ ಗೋಪುರದ ಕಡೆಗೆ ನಡೆದು ಬರುವಾಗ ಒಂದು ಬಿದ್ರಿ ಅಂಗಡಿಗೆ ಹೊಕ್ಕೆವು. ಒಳಗೆ ವಯಸ್ಸಾದ ಕುಶಲಕರ್ಮಿ ಕೋಟೆಯ ಮಣ್ಣನ್ನು ಚಿಟಿಕೆ ತೆಗೆದು ನಾಲಗೆಗೆ ಇಟ್ಟುಕೊಂಡರು. ಸರಿಯಾದ ಮಣ್ಣು ಹೌದೋ ಅಲ್ಲವೋ ರುಚಿಯಿಂದಲೇ ಗೊತ್ತಾಗುತ್ತದಂತೆ. ಅವಳಿಗೂ ಒಂದು ಚಿಟಿಕೆ ಕೊಟ್ಟರು. ಉಪ್ಪುಪ್ಪು! ಆಮೇಲೆ ಮಣ್ಣನ್ನು ನವಸಾಗರದ ಜೊತೆ ನೀರಲ್ಲಿ ಕುದಿಸಿ, ಒಂದು ಬೂದು ಡಬ್ಬಿಯನ್ನು ಅದ್ದಿ ತೆಗೆದರು. ಸತು, ತಾಮ್ರ ಬೆರೆಸಿದ ಮೈ ಕಪ್ಪಾಯಿತು. ಬೆಳ್ಳಿ ಎಳೆ ಮಾತ್ರ ಹಾಗೇ ಹೊಳೆಯುತ್ತಿತ್ತು.

ಅವಳು ನನ್ನ ತೋಳು ಹಿಡಿದಳು. "ಮಾಮಾ, ಪತ್ರ ಬ್ಯಾಡ, ಮುದ್ರೆ ಕದೀತಾರ! ಗಾವಾನ ಬೀದರ್ ಬಿಡೋದಕ್ಕೂ ಮೊದಲು. ಅದರ ಬದಲಿಗೆ ಬಿದ್ರಿ ಹುಡುಗ ಮಾಡಿದ್ದು ಇಟ್ಟು ಬರತಾರ. ಅದರಾಗ ಒಂದು ಚುಕ್ಕಿ ಜಾಸ್ತಿ. ಗಾವಾನಗಷ್ಟೇ ಗೊತ್ತು."

ಅಂಗಡಿಯ ಅಜ್ಜನಿಗೂ ಹೇಳಿದಳು. ಅವರು ಏನೂ ಅನ್ನದೆ ಒಂದು ಒಡಕು ಚೂರು ಆರಿಸಿಕೊಂಡರು. ಉಳಿಯಿಂದ ಸಣ್ಣ ಗುಳಿ ತೋಡಿ, ಬೆಳ್ಳಿ ತಂತಿಯ ತುದಿ ಇಟ್ಟು, ಸುತ್ತಿಗೆಯಿಂದ ಎರಡು ಏಟು ಹಾಕಿದರು. ಸಾಸಿವೆಗಿಂತ ಚಿಕ್ಕ ಚುಕ್ಕಿ.

"ಇಷ್ಟು ಸಾಕೇನವ್ವಾ?"

ಮನೆ ಮುಟ್ಟುವವರೆಗೂ ಅವಳು ಮುಷ್ಟಿ ಬಿಚ್ಚಲಿಲ್ಲ.